ಎಲ್ಲಕ್ಕಿಂತ ಮೇಲಿನ ಕುರ್ಚಿ

ಪಕ್ಷದ ಹಬ್ಬದ ಹಿಂದಿನ ದಿನ ನಾನು ಆರು ಪ್ಲಾಸ್ಟಿಕ್ ಕುರ್ಚಿ ತೊಳೆದೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. 2011ರಲ್ಲಿ ಗೃಹಪ್ರವೇಶಕ್ಕೆ ಅಂತ ಅಪ್ಪ ತಂದ ಬಿಳಿ ಕುರ್ಚಿಗಳು ಅವು. ಮನೆ ಮುಂದಿನ ಸಿಟೌಟಿನ ಅಂಚಿನಲ್ಲಿ ಒಂದರ ಮೇಲೊಂದು ಪೇರಿಸಿ ಇಟ್ಟಿರುತ್ತೇವೆ. ಯಾರಾದರೂ ಬಂದಾಗ ಮೇಲಿನದನ್ನು ಎತ್ತಿ ಹಾಕೋದು, ಹೋದ ಮೇಲೆ ಮತ್ತೆ ಅಲ್ಲೇ ಇಡೋದು. ಮಳೆಗಾಲದಲ್ಲಿ ಹಸಿರು ಪಾಚಿ ಹಿಡಿದಿತ್ತು. ಗಿಡಗಳಿಗೆ ಬಿಡುವ ಬೋರ್‌ವೆಲ್ ನೀರು ಸಿಡಿದು ಕಾಲುಗಳ ಮೇಲೆ ಬಿಳಿ ಕಲೆ ಕಟ್ಟಿತ್ತು. ಬಕೆಟ್ಟಿಗೆ ಬ್ಲೀಚಿಂಗ್ ಪೌಡರ್ ಧಾರಾಳವಾಗಿ ಸುರಿದೆ. ಪಾತ್ರೆ ತಿಕ್ಕುವ ಸ್ಟೀಲ್ ನಾರು ತಗೊಂಡು ಎರಡು ಗಂಟೆ ತಿಕ್ಕಿದೆ. ಆಮೇಲೆ ಆರನ್ನೂ ತಾರಸಿಗೆ ಒಯ್ದು ಸುಡು ಬಿಸಿಲಿಗೆ ಹಾಕಿದೆ. ಸಂಜೆ ಅವ್ವ ಮೆಟ್ಟಿಲು ಹತ್ತಿ ಬಂದು ನೋಡಿ, "ಹೊಸಾವ್ ತಂದಂಗೆ ಅವೆ ಕಣ್ ಮಗ" ಅಂದಳು. ನನಗೂ ಖುಷಿಯಾಯಿತು.

ಮರುದಿನ ಹನ್ನೊಂದು ಗಂಟೆಗೆ ಪಾಂಡವಪುರದ ಕಡೆಯಿಂದ ದೊಡ್ಡಪ್ಪ ಬಂದರು. ಎಪ್ಪತ್ನಾಲ್ಕು ವರ್ಷ. ಅಪ್ಪನ ಎಡೆಗೆ ಅವರಿಲ್ಲದೆ ನಾವು ಕೈ ಮುಗಿಯುವುದಿಲ್ಲ. ನಾನು ಓಡಿಹೋಗಿ ಎಲ್ಲಕ್ಕಿಂತ ಮೇಲಿದ್ದ ಕುರ್ಚಿ ಇಳಿಸಿದೆ. ಟವೆಲ್ಲಿನಲ್ಲಿ ಒರೆಸಿ, ಆಗಷ್ಟೇ ತೊಳೆದಿದ್ದ ಟೈಲ್ಸ್ ಮೇಲೆ ಹಾಕಿದೆ. ಅವರು ಕೂತರು. ಚಪ್ಪಲಿ ಬಿಡಲು ಒಂದು ಪಕ್ಕಕ್ಕೆ ಬಾಗಿದರು. ಒಣಗಿದ ಕಬ್ಬಿನ ಜಲ್ಲೆ ಮುರಿದ ಹಾಗೆ ಸದ್ದಾಯಿತು. ಹಿಂದಿನ ಎಡಗಾಲು ಬುಡದಲ್ಲೇ ಸೀಳಿತ್ತು. ದೊಡ್ಡಪ್ಪ ಬೀಳುವಾಗ ಅಂಗೈ ಊರಿದರು. "ಏನೂ ಆಗಿಲ್ಲ ಕಣ್ ಮಗ, ನೀನು ಎಡೆ ಕೆಲಸ ನೋಡು" ಅಂತ ಹೇಳುತ್ತಲೇ ಇದ್ದರು, ಕೈ ಮಾತ್ರ ಬಾತುಕೊಳ್ಳುತ್ತಾ ಹೋಯಿತು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ. ಆ ಸಲದ ಎಡೆಗೆ ಅವರು ಎಡಗೈಯಲ್ಲೇ ಧೂಪ ಹಾಕಿದರು.

ಅವರ ಕೈ ಈಗ ಸರಿಯಾಗಿದೆ. ಆದರೆ ಆ ಸದ್ದು ನನ್ನ ತಲೆಯಿಂದ ಹೋಗಲಿಲ್ಲ. ಅಷ್ಟು ತೊಳೆದಿದ್ದೆ. ಒಂದು ಚುಕ್ಕೆ ಕೊಳೆ ಇರಲಿಲ್ಲ. ಎರಡು ಗಂಟೆ ಆ ಕುರ್ಚಿಯ ಮೇಲೆಲ್ಲ ಕೈ ಆಡಿಸಿದವನು ನಾನು. ಆದರೂ ಅದು ಮುರಿಯಲು ಕಾಯುತ್ತಿದೆ ಅನ್ನೋದು ಗೊತ್ತಾಗಲಿಲ್ಲ. ಹೀಗೆ ಹೇಗಾಯಿತು?

ಬಕೆಟ್ಟಿನ ಬಿಳಿ ನೀರು

ತೊಳೆಯುವಾಗ ನಡೆದ ಒಂದು ವಿಷಯ ಆಮೇಲೆ ನೆನಪಾಯಿತು. ತಿಕ್ಕಿದಷ್ಟೂ ಬಿಳಿ ನೀರು ಇಳಿಯುತ್ತಲೇ ಇತ್ತು. ಮೊದಲು ಹಸಿರು, ಆಮೇಲೆ ಬೂದು, ಆಮೇಲೆ ಸುಣ್ಣದ ತಿಳಿಯಂಥ ಬಿಳಿ. ಕೊಳೆ ಪೂರ್ತಿ ಹೋಗಿಲ್ಲ ಅಂದುಕೊಂಡು ಇನ್ನೂ ತಿಕ್ಕಿದೆ. ಆ ಬಿಳಿ ಕೊಳೆಯಾಗಿರಲಿಲ್ಲ. ಅದು ಕುರ್ಚಿಯೇ.

ಈ ಕುರ್ಚಿಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು. ಸೀಟಿನ ಅಡಿಯಲ್ಲಿ ಹೆಚ್ಚಾಗಿ ಒಂದು ತ್ರಿಕೋನ, ಅದರೊಳಗೆ 5 ಅಂತ ಅಚ್ಚು ಇರುತ್ತದೆ. ಒಮ್ಮೆ ಮಗುಚಿ ನೋಡಿ. 1954ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಇದನ್ನು ಗಟ್ಟಿ, ಉಪಯುಕ್ತ ರೂಪದಲ್ಲಿ ತಯಾರಿಸಿ ತೋರಿಸಿದರು. ಈ ಬಗೆಯ ಪ್ಲಾಸ್ಟಿಕ್‌ಗಳ ಕೆಲಸಕ್ಕೆ ಅವರಿಗೆ ಮತ್ತು ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೆ 1963ರಲ್ಲಿ ನೊಬೆಲ್ ಬಂತು. ಹಗುರ, ನೀರಿನಲ್ಲಿ ತೇಲುತ್ತದೆ, ಸುಮಾರು 160 ಡಿಗ್ರಿಗೆ ಕರಗುತ್ತದೆ. ಕರಗಿಸಿ ಅಚ್ಚಿಗೆ ಒತ್ತಿದರೆ ಕಾಲು, ಕೈ, ಬೆನ್ನು, ಸೀಟು ಎಲ್ಲ ಒಂದೇ ಸಲಕ್ಕೆ ಬರುತ್ತದೆ. ಮೊಳೆ ಇಲ್ಲ, ಕೂಡು ಇಲ್ಲ, ಬೆಸುಗೆ ಇಲ್ಲ. 1972ರಲ್ಲಿ ಫ್ರಾನ್ಸಿನ ಆನ್ರಿ ಮಸೊನ್ನೆ ಇಂಥ ಒಂದು ಕುರ್ಚಿಯನ್ನು ಎರಡು ನಿಮಿಷದೊಳಗೆ ಅಚ್ಚಿನಿಂದ ಹೊರತೆಗೆಯುವ ಹಾಗೆ ಮಾಡಿದರು. ಅಲ್ಲಿಂದ ಅದು ಲೋಕವೆಲ್ಲ ಸುತ್ತಿ ನಮ್ಮ ಚೌಲ್ಟ್ರಿಗೆ, ಡೇರಿ ಮುಂದಕ್ಕೆ, ಟೀ ಅಂಗಡಿಗೆ, ದಸರಾ ಮೆರವಣಿಗೆ ನೋಡುವ ರಸ್ತೆ ಬದಿಗೆ ಬಂತು.

ಇದರೊಳಗೆ ಉದ್ದುದ್ದದ ಎಳೆಗಳಿರುತ್ತವೆ. ಹುರಿಹಗ್ಗದ ಎಳೆಗಳಂತೆ ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಕುರ್ಚಿಯ ಶಕ್ತಿ ಇರುವುದು ಆ ಸುತ್ತಿಕೊಂಡಿರುವುದರಲ್ಲೇ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಈ ಎಳೆಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ತುದಿಗೆ ಗಾಳಿಯ ಆಮ್ಲಜನಕ ಸೇರಿ ಪಕ್ಕದ ಎಳೆಯನ್ನೂ ಕೆಡಿಸುತ್ತದೆ. ಬಗ್ಗಿ ಮತ್ತೆ ನೇರ ಆಗುವ ಗುಣ ಹೋಗಿ ಮೇಲ್ಪದರ ಹಪ್ಪಳದಂತಾಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ಪ್ಲಾಸ್ಟಿಕ್ ಉದುರಿ ಒಳಗಿನ ಬಣ್ಣದ ಪುಡಿ, ಅಗ್ಗದ ಕುರ್ಚಿಯಾದರೆ ಬೆರೆಸಿದ ಸುಣ್ಣದಕಲ್ಲಿನ ಪುಡಿ, ಮೇಲಕ್ಕೆ ಬರುತ್ತದೆ. ಕೂತು ಎದ್ದಾಗ ಕಪ್ಪು ಪ್ಯಾಂಟಿನ ಹಿಂದೆ ಅಂಟಿಕೊಳ್ಳುವ ಬಿಳಿ ಪುಡಿ ಅದೇ. ನಾವದನ್ನು ಧೂಳು ಅಂತ ಕೊಡವಿಕೊಂಡು ಹೋಗುತ್ತೇವೆ.

ನಾನು ಸ್ಟೀಲ್ ನಾರಿನಲ್ಲಿ ಆ ಪುಡಿಯನ್ನೆಲ್ಲ ತೆಗೆದುಬಿಟ್ಟೆ. ಅದರ ಅಡಿಯಲ್ಲಿದ್ದ ಬಿಳುಪು ಹೊಳೆಯಿತು, ಅದನ್ನೇ ಹೊಸತನ ಅಂದುಕೊಂಡೆ. ನಾರಿನ ಗೀರುಗಳು ಬಿರುಕಿಗೆ ಇನ್ನಷ್ಟು ದಾರಿ ಮಾಡಿದವು. ಮತ್ತೆ ಒಂದು ದಿನ ತಾರಸಿಯ ಬಿಸಿಲು. ಕುರ್ಚಿ ಕೆಟ್ಟದ್ದು ಅವತ್ತೇ ಅಂತ ನಾನು ಹೇಳುವುದಿಲ್ಲ, ಎಷ್ಟೋ ವರ್ಷದ ಬಿಸಿಲು ಅದರಲ್ಲಿತ್ತು. ಆದರೆ ಕುರ್ಚಿ ತನ್ನ ಮೈಮೇಲೆ ತೋರಿಸುತ್ತಿದ್ದ ಒಂದೇ ಒಂದು ಗುರುತನ್ನು ನಾನು ತೊಳೆದು ಚರಂಡಿಗೆ ಬಿಟ್ಟೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆ ಬಿಳಿ ನೀರಿನಲ್ಲಿ ಅರ್ಧ ಕರಿಬೇವಿನ ಗಿಡದ ಬುಡಕ್ಕೂ ಹೋಯಿತು. ಪ್ಲಾಸ್ಟಿಕ್ಕಿನ ಚೂರುಗಳು ಮಣ್ಣಿನಲ್ಲಿ ಕರಗುವುದಿಲ್ಲ ಅಂತ ಗೊತ್ತಿದ್ದೂ.

ಎಲ್ಲದಕ್ಕೂ ಬಿಸಿಲು

ನಮ್ಮ ಮನೆಯಲ್ಲಿ ಬಿಸಿಲಿಗಿಂತ ದೊಡ್ಡ ಮದ್ದಿಲ್ಲ. ಊರಲ್ಲಿದ್ದಾಗ ಅವ್ವ ರಾಗಿ ಒಣಹಾಕುತ್ತಿದ್ದಳು, ಮೆಣಸಿನಕಾಯಿ ಹಾಕುತ್ತಿದ್ದಳು, ಬೀಜ ಬಿಡಿಸಿದ ಹುಣಸೆಹಣ್ಣು ಹಾಕುತ್ತಿದ್ದಳು. ಹಾಸಿಗೆ ವಾಸನೆ ಬಂದರೆ ಬಿಸಿಲಿಗೆ. ಹುಳ ಬಿದ್ದ ಅವರೆಕಾಳು ಬಿಸಿಲಿಗೆ. ಕೂಸಿನ ಬಟ್ಟೆಯಂತೂ ಬಿಸಿಲು ಕಾಣದೆ ಒಳಗೆ ಬರುವ ಹಾಗೇ ಇರಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೊರಟಿತು ಅಂದರೆ ಸಾಕು, ಸಂಡಿಗೆಯ ಸೀರೆ ತಾರಸಿಗೆ ಏರುತ್ತಿತ್ತು. ತೊಳೆದದ್ದು ಬಿಸಿಲು ಕಂಡರೇ ತೊಳೆದ ಹಾಗೆ. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ನೋಡಿ ನೋಡಿ ಮೈಗೆ ಬಂದಿದೆ.

ಆ ತಿಳಿವಳಿಕೆ ಸುಳ್ಳೂ ಅಲ್ಲ. ಬಿಳಿ ಕುರ್ಚಿಯ ಮೇಲೆ ಸಾರು ಚೆಲ್ಲಿ ಅರಿಸಿನದ ಕಲೆಯಾಗಿದೆ ಅಂದುಕೊಳ್ಳಿ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅವ್ವ ತಿಕ್ಕುವುದೇ ಇಲ್ಲ. ಒಮ್ಮೆ ಸೋಪಿನ ನೀರಲ್ಲಿ ಒರೆಸಿ ಬೆಳಗಿನ ಬಿಸಿಲಿಗೆ ತಿರುಗಿಸಿ ಇಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಹಳದಿ ಮಸುಕಾಗಿರುತ್ತದೆ. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಬೆಳಕು ತಡೆಯುವುದಿಲ್ಲ, ಒಡೆದುಹೋಗುತ್ತದೆ. ಅದನ್ನು ಒಡೆಯುವ ಬೆಳಕೇ ಕುರ್ಚಿಯ ಎಳೆಯನ್ನೂ ಒಡೆಯುತ್ತದೆ. ಕಲೆಗೆ ಕೆಲವು ಗಂಟೆ ಸಾಕು, ಕುರ್ಚಿಗೆ ಕೆಲವು ವರ್ಷ ಬೇಕು, ಅಷ್ಟೇ. ಹಾಗಾಗಿ ಕಲೆಗೆ ಅಂತ ಬಿಸಿಲಿಗೆ ಇಟ್ಟಿದ್ದನ್ನು ಕಲೆ ಹೋದ ತಕ್ಷಣ ಒಳಗೆ ತರಬೇಕು. ನಾವು ಮರೆಯುವುದು ಈ ಎರಡನೇ ಕೆಲಸವನ್ನು.

ಅದರಲ್ಲೂ ನಮ್ಮ ಕಡೆಯ ಬಿಸಿಲು. ಮೈಸೂರು, ಮಂಡ್ಯ ಎರಡೂ ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರಕ್ಕೆ ಹತ್ತಿರ ಮತ್ತು ಆಗಸ್ಟ್ 20ರ ಸುಮಾರಿಗೆ, ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ನಿಮ್ಮ ನೆರಳು ನಿಮ್ಮ ಕಾಲಡಿಗೆ ಬರುತ್ತದೆ. ಒಳ್ಳೆಯ ಕಂಪನಿಯವರು ಪ್ಲಾಸ್ಟಿಕ್‌ಗೆ ಕಿರಣ ತಡೆಯುವ ಮದ್ದು ಬೆರೆಸಿರುತ್ತಾರೆ. ಅದೂ ಮುಗಿಯುತ್ತಾ ಹೋಗುವ ಮದ್ದೇ. ಬಣ್ಣಗಳಲ್ಲಿ ಕಪ್ಪು ತುಂಬಾ ತಾಳುತ್ತದೆ, ಅದರೊಳಗಿನ ಇಂಗಾಲದ ಪುಡಿ ಕಿರಣವನ್ನು ಒಳಕ್ಕೆ ಬಿಡುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ಕಪ್ಪು ಕುರ್ಚಿ ಮೇಲೆ ಕೂರೋಕಾಗಲ್ಲ. ಕೆಂಪು ಕುರ್ಚಿ ಗುಲಾಬಿಯಾಗಿದ್ದರೆ ಬಣ್ಣ ಮಾತ್ರ ಹೋಗಿದೆ ಅಂತ ತಿಳಿಯಬೇಡಿ.

ಶಾಮಿಯಾನ ಅಂಗಡಿಯ ಅಣ್ಣ

ದೀಪಾವಳಿ ಕಳೆದ ಮೇಲೆ ಮಂಡ್ಯಕ್ಕೆ ಒಂದು ಬೀಗರೂಟಕ್ಕೆ ಹೋಗಿದ್ದೆ. ಊಟ ಆದಮೇಲೆ ಎಲ್ಲರೂ ಎಲೆಅಡಿಕೆ ಹಾಕಿಕೊಂಡು ಹೊರಟರು. ನಾನು ಮಾತ್ರ ಕುರ್ಚಿ ನೋಡುತ್ತಾ ನಿಂತೆ. ಮುನ್ನೂರು ಕುರ್ಚಿ ಇದ್ದಿರಬೇಕು, ಒಂದೂ ಪುಡಿ ಬಿಡುತ್ತಿರಲಿಲ್ಲ. ಅವುಗಳನ್ನು ಗಾಡಿಗೆ ಹೇರಿಸುತ್ತಿದ್ದ ಶಾಮಿಯಾನ ಅಂಗಡಿಯವರನ್ನು ಮಾತಾಡಿಸಿದೆ. ದೊಡ್ಡಪ್ಪ ಬಿದ್ದ ಕಥೆ ಹೇಳಿದೆ. ಅವರು ನನ್ನನ್ನು ಗಾಡಿಯಲ್ಲೇ ಕೂರಿಸಿಕೊಂಡು ತಮ್ಮ ಗೋಡೌನಿಗೆ ಕರೆದುಕೊಂಡು ಹೋದರು. ಶೀಟಿನ ಸೂರು, ಮೂರು ಕಡೆ ಗೋಡೆ, ಒಳಗೆ ಮಬ್ಬುಗತ್ತಲು. ಒಬ್ಬ ಹೆಂಗಸು, ಇಬ್ಬರು ಹುಡುಗರು ತೊಟ್ಟಿ ಪಕ್ಕ ಕೂತು ಕುರ್ಚಿ ತೊಳೆಯುತ್ತಿದ್ದರು.

"ತೊಳೆಯೋದು ಯಾರ್ ಬೇಕಾದ್ರೂ ತೊಳೀತಾರೆ ಕನಣ್ಣ, ಒಣಗಾಕೋದ್ರಲ್ಲಿ ಅದೆ" ಅಂದರು ಅವರು. ತೊಳೆದ ಕುರ್ಚಿಗಳು ಸೂರಿನ ಅಡಿ, ಗಾಳಿ ಆಡುವ ಕಡೆ, ಮಗುಚಿಕೊಂಡು ಸಾಲಾಗಿದ್ದವು. ಹೊರಗೆ ಅಷ್ಟು ದೊಡ್ಡ ಬಯಲಿತ್ತು, ಬಿಸಿಲೂ ಇತ್ತು. ಒಂದು ಕುರ್ಚಿಯೂ ಅಲ್ಲಿರಲಿಲ್ಲ. ಹದಿನೈದಕ್ಕಿಂತ ಜಾಸ್ತಿ ಪೇರಿಸುವುದಿಲ್ಲವಂತೆ, ಭಾರಕ್ಕೆ ಅಡಿಯವುಗಳ ಕಾಲು ಅಗಲುತ್ತವೆ ಅಂತ. ಆಮೇಲೆ ಅವರು ಹೇಳಿದ್ದು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ನೆ ನಿಂತೆ. "ನಿಮ್ಮನೇಲಿ ಮೇಲಿಂದು ಯಾವತ್ತೂ ಮೇಲೇ ಇರ್ತದೆ, ಅಲ್ವಾ? ಬಿಸ್ಲೆಲ್ಲ ಅದೊಂದೇ ತಿಂತದೆ. ನೆಂಟ್ರು ಬಂದ್ರೆ ನೀವು ಇಳಿಸಿ ಹಾಕೋದೂ ಅದನ್ನೇಯ."

ಹೌದು. ಹನ್ನೆರಡು ವರ್ಷಕ್ಕಿಂತ ಜಾಸ್ತಿ ಸಮಯ ನಮ್ಮ ಸಿಟೌಟಿನ ಪಡುವಣ ಬಿಸಿಲನ್ನು ಆ ಒಂದೇ ಕುರ್ಚಿ ತಡೆದಿತ್ತು. ಕೆಳಗಿನ ಐದು ಅದರ ನೆರಳಿನಲ್ಲಿ ಬದುಕಿದ್ದವು. ನಾನು ಮನೆಗೆ ಬಂದು ಆ ಐದನ್ನು ಅಂಗೈಯಲ್ಲಿ ಸವರಿ ನೋಡಿದೆ. ಕೊನೆಯದು ಇನ್ನೂ ನುಣ್ಣಗಿತ್ತು. ಬರುವವರಲ್ಲಿ ಹಿರಿಯರು ಮೊದಲು ಕೂರುತ್ತಾರೆ, ಅವರಿಗೆ ಮೊದಲು ಕುರ್ಚಿ ಹಾಕುತ್ತೇವೆ, ಮೊದಲು ಕೈಗೆ ಸಿಗುವುದು ಮೇಲಿನದು. ಮನೆಯಲ್ಲಿ ಎಲ್ಲಕ್ಕಿಂತ ಸೋತಿರುವ ಕುರ್ಚಿಯನ್ನು ಎಲ್ಲರಿಗಿಂತ ವಯಸ್ಸಾದವರಿಗೆ ಕೊಡುತ್ತೇವೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಮರ್ಯಾದೆ ಕೊಡಲು ಹೋಗಿಯೇ ಹೀಗಾಗುತ್ತದೆ.

ಆ ಅಣ್ಣ ಕುರ್ಚಿ ಪರೀಕ್ಷೆ ಮಾಡುವುದನ್ನೂ ತೋರಿಸಿದರು. ಮೊದಲು ಅಂಗೈ ಸವರಬೇಕು, ಪುಡಿ ಬಂದರೆ ಅನುಮಾನ. ಆಮೇಲೆ ಮಗುಚಿ, ಕಾಲು ಸೀಟಿಗೆ ಸೇರುವ ಮೂಲೆಯನ್ನೂ ಕೈಯಿಡುವ ಜಾಗ ಬೆನ್ನಿಗೆ ಸೇರುವ ಕಡೆಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಕೂದಲೆಳೆಯಷ್ಟು ಗೀಟು ಕಂಡರೂ ಅದು ಹೋಯಿತು ಅಂತ ಲೆಕ್ಕ. ಕೊನೆಗೆ ಸೀಟಿನ ಮೇಲೆ ಎರಡೂ ಕೈಯಿಂದ ಒತ್ತಬೇಕು. ಒಳ್ಳೆಯ ಕುರ್ಚಿ ಸ್ವಲ್ಪ ಬಗ್ಗಿ ಮತ್ತೆ ಮೇಲೆ ಬರುತ್ತದೆ. ಹೋದ ಕುರ್ಚಿ ಚಿರ್ ಅನ್ನುತ್ತದೆ, ಇಲ್ಲ ಕಾಲು ಒಂದು ಕಡೆಗೆ ಜಾರುತ್ತದೆ. ನುಣ್ಣನೆಯ ಒದ್ದೆ ಟೈಲ್ಸ್ ಮೇಲೆ ಹಾಕಲೇಬಾರದಂತೆ. ಕಾಲು ಜಾರಿ ಅಗಲಿದಾಗ ಪೂರ್ತಿ ಎಳೆತ ಬುಡಕ್ಕೇ ಬೀಳುತ್ತದೆ. ನಾನು ಅದನ್ನೂ ಮಾಡಿದ್ದೆ.

ಈಗ ತೊಳೆಯುವ ರೀತಿ

ಈಗ ನಾನು ಎರಡು ತಿಂಗಳಿಗೊಮ್ಮೆ ತೊಳೆಯುತ್ತೇನೆ. ಸ್ವಲ್ಪ ಸ್ವಲ್ಪ ಕೊಳೆ ಇದ್ದಾಗಲೇ ತೊಳೆದರೆ ತಿಕ್ಕುವ ಪ್ರಮೇಯವೇ ಬರುವುದಿಲ್ಲ. ಮೊದಲು ಬರೀ ನೀರು ಸುರಿದು ಮಣ್ಣು ಇಳಿಸಬೇಕು. ಮಣ್ಣಿದ್ದ ಹಾಗೇ ತಿಕ್ಕಿದರೆ ಮಣ್ಣೇ ಉಜ್ಜುಕಾಗದವಾಗುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ಸೋಪು, ಹಳೇ ಪಂಚೆಯ ತುಂಡು. ಬೆನ್ನಿನ ಕಿಂಡಿಗಳಿಗೆ ಹಳೇ ಹಲ್ಲುಜ್ಜುವ ಬ್ರಶ್ಶು. ಇಷ್ಟರಲ್ಲೇ ಮುಕ್ಕಾಲು ಪಾಲು ಹೋಗುತ್ತದೆ. ಊರಿನ ಮನೆಯ ಕುರ್ಚಿಗಳದು ಬೇರೆ ಕಥೆ. ಆಲೆಮನೆ ಹಚ್ಚುವ ಕಾಲದಲ್ಲಿ, ಗದ್ದೆಯಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಟ್ಟಾಗ, ಕಪ್ಪು ಮಸಿ ಹಾರಿ ಬಂದು ಜಗಲಿಯ ಮೇಲೆ ಕೂರುತ್ತದೆ. ಒದ್ದೆ ಬಟ್ಟೆ ಮುಟ್ಟಿಸಿದರೆ ಮಸಿ ಬಳಿದುಕೊಳ್ಳುತ್ತದೆ. ಒಣ ಪೊರಕೆಯಲ್ಲಿ ಮೆಲ್ಲಗೆ ಕೊಡವಿ, ಆಮೇಲೆ ನೀರು ಮುಟ್ಟಿಸಬೇಕು.

ಬೋರ್‌ವೆಲ್ ನೀರಿನ ಬಿಳಿ ಕಲೆ ಸುಣ್ಣದ್ದು. ಅದಕ್ಕೆ ಹುಳಿಯೇ ಮದ್ದು. ಪೂಜೆಯ ಹಿತ್ತಾಳೆ ಬೆಳಗಿ ಉಳಿದ ಹುಣಸೆಹಣ್ಣಿನ ಗಸಿ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ನಿಂಬೆಯೂ ಆಗುತ್ತದೆ, ವಿನೆಗರ್ ಇದ್ದರೆ ಅದೂ. ಪಾಚಿಗೆ ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಚ್ಚುತ್ತೇನೆ. ಅದಕ್ಕೂ ಜಗ್ಗದಿದ್ದರೆ ಮಾತ್ರ ತೀರಾ ತೆಳುವಾದ ಬ್ಲೀಚ್ ನೀರು, ಐದು ನಿಮಿಷ, ಆಮೇಲೆ ಚೆನ್ನಾಗಿ ತೊಳೆತ. ಗಟ್ಟಿ ಬ್ಲೀಚ್ ಪದೇ ಪದೇ ಹಾಕಿದರೆ ಅದೂ ಮೇಲ್ಪದರವನ್ನು ತಿನ್ನುತ್ತದೆ. ಒಂದು ಮಾತು ಮಾತ್ರ ಯಾರೂ ಮರೆಯಬೇಡಿ. ಬ್ಲೀಚ್ ಹಾಕಿದ ಬಕೆಟ್ಟಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ, ವಿನೆಗರ್ ಆಗಲಿ, ಹುಣಸೆಹುಳಿಯಾಗಲಿ ಬೆರೆಸಬಾರದು. ಕ್ಲೋರಿನ್ ಗಾಳಿ ಏಳುತ್ತದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ತೊಳೆಯುವವರಿಗೆ ಅದು ಪ್ರಾಣಕ್ಕೇ ಅಪಾಯ.

ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ನಾಲ್ಕು ದಿನ ಹೊಳೆಯುತ್ತದೆ, ಆಮೇಲೆ ರಸ್ತೆಯ ಧೂಳೆಲ್ಲ ಅಲ್ಲೇ. ಪೇಂಟ್ ಹೊಡೆದರೂ ಪಾಲಿಪ್ರೊಪಿಲೀನ್ ಅದನ್ನು ಹಿಡಿಯುವುದಿಲ್ಲ, ಪದರ ಪದರವಾಗಿ ಏಳುತ್ತದೆ. ಅಂಟಿನದೂ ಅದೇ ಪಾಡು. ನಾನು ಚಿಕ್ಕವನಿದ್ದಾಗ ಊರಿಗೆ ಪ್ಲಾಸ್ಟಿಕ್ ಬಿಂದಿಗೆ, ಬಕೆಟ್ ರಿಪೇರಿಯವರು ಬರುತ್ತಿದ್ದರು. ಕೆಂಡದಲ್ಲಿ ಕಾಯಿಸಿದ ಕಬ್ಬಿಣ ಇಟ್ಟು, ಇನ್ನೊಂದು ತುಂಡು ಪ್ಲಾಸ್ಟಿಕ್ ಕರಗಿಸಿ ತೇಪೆ ಹಾಕುತ್ತಿದ್ದರು. ಆ ವಾಸನೆ ಈಗಲೂ ಮೂಗಿನಲ್ಲಿದೆ. ಹಾಗೆ ಬೆಸೆಸೋಣ ಅಂತ ದೊಡ್ಡಪ್ಪನ ಕುರ್ಚಿಯನ್ನು ಒಂದು ತಿಂಗಳು ಇಟ್ಟುಕೊಂಡಿದ್ದೆ. ಅಪ್ಪ ತಂದದ್ದು ಅನ್ನುವ ಸಂಕಟ ಬೇರೆ. ಆದರೆ ಬಿಂದಿಗೆಯ ತೂತು ಒಂದು ಕಡೆ ಇರುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಗಟ್ಟಿ ಇರುತ್ತದೆ. ಇಲ್ಲಿ ಮೈಯೆಲ್ಲ ಸೋತಿದೆ. ತೇಪೆಯ ಪಕ್ಕದಲ್ಲೇ ಇನ್ನೊಮ್ಮೆ ಮುರಿಯುತ್ತದೆ, ಅದರ ಮೇಲೆ ಇನ್ನೊಬ್ಬರು ಕೂತಿರುತ್ತಾರೆ.

ಕೊನೆಗೆ ಗುಜರಿಯವರಿಗೆ ಕೊಟ್ಟೆ. ಕೊಡುವ ಮುಂಚೆ ಉಳಿದ ಮೂರು ಕಾಲನ್ನೂ ಗರಗಸದಲ್ಲಿ ಕುಯ್ದೆ. ಇದೂ ಆ ಮಂಡ್ಯದ ಅಣ್ಣ ಹೇಳಿಕೊಟ್ಟಿದ್ದೇ. ಇಡಿಯಾಗಿ ಕೊಟ್ಟರೆ ಯಾರೋ ಒಂದು ಇಟ್ಟಿಗೆ ಕೊಟ್ಟು ನಿಲ್ಲಿಸಿಕೊಂಡು ಕೂರುತ್ತಾರೆ. ವಾಚ್‌ಮನ್ನೋ, ತಳ್ಳುಗಾಡಿಯವರೋ. ಇಡೀ ದಿನ ಕುರ್ಚಿಯ ಮೇಲೇ ಕಳೆಯುವವರು ಅವರು. ಕುಯ್ದರೆ ಅದು ತೂಕಕ್ಕೆ ಹೋಗುತ್ತದೆ, ಕರಗಿ ಬಕೆಟ್ಟೋ ಇನ್ನೇನೋ ಆಗುತ್ತದೆ. ಗರಗಸ ಆಡುವಾಗ ಒಳಗೆ ನೋಡಿದೆ. ಮೇಲೆ ಉಗುರಿನಷ್ಟು ತೆಳ್ಳಗೆ ಸುಣ್ಣದಂಥ ಪದರ, ಅದರೊಳಗೆ ಇನ್ನೂ ಒಳ್ಳೆಯ ಪ್ಲಾಸ್ಟಿಕ್ ಇತ್ತು. ಅಪ್ಪ ತಂದ ದಿನ ಹೇಗಿತ್ತೋ ಹಾಗೇ.

ಈಗ ಐದು ಕುರ್ಚಿಗಳಿವೆ. ಸಿಟೌಟಿನ ಅಂಚಿನಿಂದ ಒಳಗೆ, ಗೋಡೆಯ ಮರೆಗೆ ಬಂದಿವೆ. ಮೇಲೆ ಗೋಣಿಚೀಲ ಹೊದಿಸುತ್ತೇನೆ. ಸೀಟಿನ ಅಡಿ ಮಾರ್ಕರಿನಲ್ಲಿ ಒಂದರಿಂದ ಐದರವರೆಗೆ ನಂಬರು ಬರೆದಿದ್ದೇನೆ. ಪ್ರತಿ ಅಮಾವಾಸ್ಯೆಗೆ ಮೇಲಿನದು ಕೆಳಕ್ಕೆ ಹೋಗುತ್ತದೆ. ಅಮಾವಾಸ್ಯೆಯೇ ಯಾಕೆ ಅಂದರೆ ಅವತ್ತು ಅವ್ವ ಮನೆ ತೊಳೆಯುತ್ತಾಳೆ, ನೆನಪಿಗೆ ಸುಲಭ.

ಹೋದ ಭಾನುವಾರ ಐದನ್ನೂ ತೊಳೆದು ಸಪೋಟ ಮರದ ನೆರಳಿಗೆ ಮಗುಚಿ ಹಾಕಿ ಒಳಗೆ ಹೋದೆ. ಕಾಫಿ ಕುಡಿದು ಬರುವಷ್ಟರಲ್ಲಿ ಐದೂ ಬಿಸಿಲಿನಲ್ಲಿದ್ದವು. ಅವ್ವ ಎಳೆದು ಹಾಕಿದ್ದಳು. "ನೆರಳಲ್ಲಿ ಏನ್ ಒಣಗ್ತವೆ ಮಗ, ಬಿಸ್ಲು ಕಾಣ್ಲಿ" ಅಂದಳು. ನಾನು ಒಂದೊಂದೇ ಮತ್ತೆ ಮರದಡಿಗೆ ತಂದೆ. ದೊಡ್ಡಪ್ಪ ಬಿದ್ದದ್ದು ಯಾಕೆ ಅಂತ ಮೊದಲಿಂದ ಹೇಳಿದೆ. ಅವಳು ಕೇಳಿಸಿಕೊಂಡಳು. ಏನೂ ಹೇಳಲಿಲ್ಲ. ನಾಲ್ಕನೇ ನಂಬರಿನ ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ, ಸೀಟನ್ನು ಎರಡೂ ಕೈಯಿಂದ ಒಮ್ಮೆ ಒತ್ತಿ ನೋಡಿ, ನೆರಳಲ್ಲೇ ಕೂತು ಮೊರದಲ್ಲಿದ್ದ ಅವರೆಕಾಯಿ ಸುಲಿಯಲು ಶುರುಮಾಡಿದಳು.